ನಿಮಿತ್ತವಾಕ್ಯವು ಪೂರ್ಣವಾಗಿರಲಿ

ಕಟ್ಟಡದ ಕಾಮಗಾರಿಯನ್ನು ನೆಲದ ಮೇಲೆ ಆರಂಭಿಸುವುದಕ್ಕೆ ಮೊದಲು ಗಣಕಯಂತ್ರದಲ್ಲಿ ನಡೆಸಿ ನೋಡುವ ವಿದ್ಯೆ ಇಂದು ಎಂಜಿನಿಯರರಿಗೆ ಸುಪರಿಚಿತವಾದುದು. ಸಿಮ್ಯುಲೇಷನ್ ಎಂದು ಕರೆಯಲ್ಪಡುವ ಈ ಅನುಕರಣದಲ್ಲಿ ಲಾರಿ, ಕ್ರೇನು, ಕಾಂಕ್ರೀಟು, ಕೆಲಸಗಾರರ ತಂಡ ಎಲ್ಲವೂ ಲೆಕ್ಕದ ರೂಪದಲ್ಲಿ ಚಲಿಸುತ್ತವೆ. ಈ ತಂತ್ರಾಂಶಗಳ ಜೀವಾಳವೇ ‘ಟ್ರಿಗರ್’. ಇಂತಹುದು ಸಂಭವಿಸಿದೊಡನೆ ಇಂತಹ ಕ್ರಿಯೆ ತಾನಾಗಿ ಜರುಗತಕ್ಕದ್ದು ಎಂದು ಮುಂದಾಗಿ ವಿಧಿಸಿಡುವ ವಾಕ್ಯವದು. ಅದನ್ನು ರಚಿಸುವುದು ಯಂತ್ರಜ್ಞಾನದ ಕಾರ್ಯವೆಂತೋ ಅಂತೆಯೇ ಭಾಷಾವಿವೇಕದ ಕಾರ್ಯವೂ ಹೌದು.

ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇದರ ಸ್ವರೂಪ ಅಪರಿಚಿತವಲ್ಲ. ‘ಮಳೆ ಬರೆ ಕೆರೆ ತುಂಬಿತು’ ಎಂಬಲ್ಲಿ ಒಂದರ ಕ್ರಿಯೆ ಇನ್ನೊಂದರ ಕ್ರಿಯೆಗೆ ನಿಮಿತ್ತವಾಗಿ ನಿಲ್ಲುತ್ತದೆ; ಇದೇ ಸತಿಸಪ್ತಮಿ. ಎಷ್ಟು ಮಳೆ, ಎಷ್ಟು ದಿನದ ಮಳೆ ಎಂಬುದನ್ನು ಕೇಳುವವನು ಅಧ್ಯಾಹಾರ ಮಾಡಿಕೊಳ್ಳುತ್ತಾನೆ. ಯಂತ್ರಕ್ಕಾದರೋ ಅಧ್ಯಾಹಾರದ ಶಕ್ತಿಯಿಲ್ಲ. ಹೇಳಿದಷ್ಟನ್ನೇ ಅದು ನಡೆಸುತ್ತದೆ. ಹೇಳದೆ ಬಿಟ್ಟುದು ಅದರ ಪಾಲಿಗೆ ಇಲ್ಲವೇ ಇಲ್ಲ.

1970ರ ದಶಕದಲ್ಲಿ ಅಮೆರಿಕದ ಡೇನಿಯಲ್ ಹಾಲ್ಪಿನ್ ಅವರು ರೂಪಿಸಿದ ‘ಸೈಕ್ಲೋನ್’ ಪದ್ಧತಿಯಲ್ಲಿ, ಮಣ್ಣು ತುಂಬುವ ಯಂತ್ರವೂ ಲಾರಿಯೂ ಎರಡೂ ಸಿದ್ಧವಾಗಿ ಕಾದಿದ್ದರೆ ಮಾತ್ರ ತುಂಬುವ ಕ್ರಿಯೆ ಮೊದಲಾಗುತ್ತಿತ್ತು. 1996ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಹೂಲಿಯೋ ಮಾರ್ಟಿನೆಸ್ ಅವರು ಸಿದ್ಧಪಡಿಸಿದ ‘ಸ್ಟ್ರೋಬೋಸ್ಕೋಪ್’ ಇನ್ನೂ ಮುಂದೆ ಸಾಗಿ, ಪ್ರತಿಯೊಂದು ಕಾರ್ಯದ ಆರಂಭಕ್ಕೂ ಬೇಕಾದ ನಿಬಂಧನೆಯನ್ನು ಬರೆಯುವ ಸ್ವಾತಂತ್ರ್ಯವನ್ನು ಬಳಕೆದಾರನಿಗೆ ಕೊಟ್ಟಿತು. ಸ್ವಾತಂತ್ರ್ಯದೊಡನೆ ಹೊಣೆಯೂ ಅವನ ಪಾಲಿಗೆ ಬಂದಿತು.

ಸೆಂಟ್ರಿಂಗ್ ಬಿಚ್ಚುವ ಕಾರ್ಯವನ್ನೇ ನಿದರ್ಶನವಾಗಿ ನೋಡಬಹುದು. ‘ಕಾಂಕ್ರೀಟು ಹಾಕಿ 14 ದಿನ ಕಳೆದರೆ ಸ್ಲ್ಯಾಬಿನ ಆಧಾರಕಂಬಗಳನ್ನು ತೆಗೆಯತಕ್ಕದ್ದು’ ಎಂದು ಟ್ರಿಗರ್ ಬರೆಯುವುದು ಸುಲಭ. ಭಾರತೀಯ ಮಾನಕ ಐ.ಎಸ್. 456ರ 2000ನೆಯ ವರ್ಷದ ಆವೃತ್ತಿಯಲ್ಲಿ 4.5 ಮೀಟರಿಗೆ ಮೀರಿದ ಹರವಿನ ಸ್ಲ್ಯಾಬಿಗೆ 14 ದಿನದ ಅವಧಿಯನ್ನು ಹೇಳಿರುವುದೂ ನಿಜ. ಆದರೆ ಅಲ್ಲಿಯೇ ಮೂರು ನಿಬಂಧನೆಗಳಿವೆ: ಸಿಮೆಂಟು ಸಾಧಾರಣ ಪೋರ್ಟ್‌ಲೆಂಡ್ ಆಗಿರಬೇಕು, ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ನೀರುಣಿಸುವಿಕೆ ಸಾಕಷ್ಟು ನಡೆದಿರಬೇಕು. ಇವೆಲ್ಲಕ್ಕೂ ಮೇಲಿನ ಮೂಲ ನಿಯಮವೆಂದರೆ, ಬಿಚ್ಚುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಬೀಳಬಹುದಾದ ಒತ್ತಡದ ಎರಡರಷ್ಟಾದರೂ ಬಲ ಅದಕ್ಕೆ ಬಂದಿರಬೇಕು ಎಂಬುದು. ದಿನಗಣನೆ ಆ ಬಲಕ್ಕೆ ಸೂಚಕವೇ ಹೊರತು ಅದೇ ಬಲವಲ್ಲ.

ಈ ಭೇದವನ್ನು ಕಡೆಗಣಿಸಿದರೆ ಆಗುವುದೇನೆಂಬುದನ್ನು 1978ರ ಏಪ್ರಿಲ್ 27ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾದ ವಿಲೋ ಐಲೆಂಡಿನಲ್ಲಿ ಜಗತ್ತು ಕಂಡಿತು. ಅಲ್ಲಿ ಶೀತಲೀಕರಣ ಗೋಪುರದ ಕಾಮಗಾರಿಯಲ್ಲಿ ಕೆಲಸಗಾರರು ನಿಲ್ಲುವ ಅಟ್ಟಣೆಯನ್ನು ಗೋಪುರದ ಹೊಸ ಕಾಂಕ್ರೀಟಿಗೇ ಬಂಧಿಸಲಾಗಿತ್ತು. ಹಿಂದಿನ ದಿನ ಹಾಕಿದ ಪದರಕ್ಕೆ ಭಾರ ಹೊರುವಷ್ಟು ಬಲ ಇನ್ನೂ ಬಂದಿರಲಿಲ್ಲವೆಂದು ಅನಂತರದ ಸರ್ಕಾರಿ ತನಿಖೆ ನಿರ್ಣಯಿಸಿತು. 51 ಮಂದಿ ಪ್ರಾಣ ಕಳೆದುಕೊಂಡರು. ಅದು ಗಣಕದ ತಪ್ಪಲ್ಲ. ಆದರೆ ದಿನವನ್ನು ಎಣಿಸಿ ಬಲವನ್ನು ಕೇಳದ ಟ್ರಿಗರು ಅದೇ ಪ್ರಮಾದವನ್ನು ಗಣಕದೊಳಗೆ ಬಿತ್ತುತ್ತದೆ.

ಅನುಕರಣದಲ್ಲಿ ತಪ್ಪಿದರೆ ನಷ್ಟವೇನೆಂದು ಕೆಲವರು ಕೇಳಬಹುದು. ತೆರೆಯ ಮೇಲೆ ಯಾರೂ ಬೀಳುವುದಿಲ್ಲವೆಂಬುದು ಸತ್ಯವೇ. ಆದರೆ ಆ ತೆರೆಯಿಂದ ಹೊರಟ ವೇಳಾಪಟ್ಟಿಯೇ ನಾಳೆ ಮೇಸ್ತ್ರಿಯ ಕೈಗೆ ಆಜ್ಞೆಯಾಗಿ ಬರುತ್ತದೆ. ಆದುದರಿಂದ ಟ್ರಿಗರನ್ನು ತಾರೀಖಿಗೆ ಕಟ್ಟದೆ ವಸ್ತುವಿನ ಸ್ಥಿತಿಗೆ ಕಟ್ಟಬೇಕು. ನಿಬಂಧನೆ ಈಡೇರದಿದ್ದರೆ ಏನಾಗಬೇಕೆಂಬುದನ್ನೂ ಜೊತೆಗೇ ಬರೆಯಬೇಕು. ಬರೆದ ಮೇಲೆ ಚಳಿಯನ್ನೂ ನೀರಿನ ಅಭಾವವನ್ನೂ ಬೇಕೆಂದೇ ಕಲ್ಪಿಸಿ, ಕ್ರಿಯೆ ತಡೆದು ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಇದಕ್ಕೆ ತಂತ್ರಾಂಶ ಬಲ್ಲವನೊಬ್ಬನೇ ಸಾಲನು. ಕಾಮಗಾರಿಯಲ್ಲಿ ಕೂದಲು ನರೆತ ಮೇಸ್ತ್ರಿಯೂ ಪಕ್ಕದಲ್ಲಿರಬೇಕು.

ತರಗತಿಯಲ್ಲಿ ‘ಆದರೆ’, ‘ಆದಾಗ’, ‘ಆಗದಿದ್ದರೆ’ ಎಂಬ ರೂಪಗಳನ್ನು ಬೋಧಿಸುವ ಅಧ್ಯಾಪಕರಿಗೆ ತಮ್ಮ ಪಾಠ ಪರೀಕ್ಷೆಯ ಅಂಕಗಳಲ್ಲಿಯೇ ಮುಗಿಯಿತೆಂದು ತೋರಬಹುದು. ವಾಸ್ತವವಾಗಿ, ನಿಮಿತ್ತವನ್ನು ಕುಂದಿಲ್ಲದೆ ಹೇಳಲು ಕಲಿತ ವಿದ್ಯಾರ್ಥಿಯೇ ಮುಂದೆ ಅಟ್ಟಣೆಯ ಮೇಲೆ ನಿಂತವನ ಜೀವಕ್ಕೆ ಕಾವಲಾಗುತ್ತಾನೆ.