ದಮ್ಮಿನ ರೋಗಿಗಳ ಪ್ರಶ್ನಾವಳಿ ಮತ್ತು ಆರೈಕೆ ಯೋಜನೆ: ಮುಗದ ಗ್ರಾಮಸ್ಥರ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಧಾರವಾಡ.

ಇವರಿಂದ,
ಮುಗದ ಹಾಗೂ ಸುತ್ತಲಿನ ಊರುಗಳ ಅಸ್ತಮಾ ರೋಗಿಗಳು ಮತ್ತು ಅವರ ಮನೆಯವರು,
ಧಾರವಾಡ ತಾಲ್ಲೂಕು.

ವಿಷಯ: ಅಸ್ತಮಾ ರೋಗಿಗಳಿಂದ ಪಡೆದ ಉತ್ತರಗಳ ಆಧಾರದ ಮೇಲೆ ಪ್ರತಿಯೊಬ್ಬರಿಗೂ ಲಿಖಿತ ಆರೈಕೆ ಯೋಜನೆ ನೀಡುವ ಬಗ್ಗೆ.

ಮಾನ್ಯರೇ,

ಧಾರವಾಡ–ಅಳ್ನಾವರ ರೈಲು ಮಾರ್ಗದಲ್ಲಿರುವ ನಮ್ಮ ಊರು ಭತ್ತಕ್ಕೂ ಕುಂಬಾರಿಕೆಗೂ ಹೆಸರಾದದ್ದು ತಮಗೆ ಗೊತ್ತಿದೆ. ಮಳೆಗಾಲ ಹಿಡಿಯಿತೆಂದರೆ ಮಣ್ಣಿನ ಗೋಡೆಗಳು ಬೂಸ್ಟು ಹಿಡಿಯುತ್ತವೆ. ರಾಶಿ ಕಾಲಕ್ಕೆ ಹೊಟ್ಟಿನ ಧೂಳು, ಆವಿಗೆ ಸುಡುವ ದಿನ ಹೊಗೆ, ಇನ್ನೂ ಕಟ್ಟಿಗೆ ಉರಿಸುವ ಅಡಿಗೆಮನೆಗಳಲ್ಲಿ ಎರಡು ಹೊತ್ತೂ ಹೊಗೆ. ದಮ್ಮು ಇದ್ದವರಿಗೆ ಇಲ್ಲಿ ನಿಶ್ಚಿಂತೆಯ ತಿಂಗಳು ಕಡಿಮೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2016ರಲ್ಲಿ ದೇಶದಲ್ಲಿ ಸುಮಾರು 3.79 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ಕೋಟಿಗಳಲ್ಲಿ ನಮ್ಮ ಮನೆಯವರೂ ಸೇರಿದ್ದಾರೆ.

ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ನಮ್ಮ ದೂರಲ್ಲ. ಕೇಳುತ್ತಾರೆ. 30 ವರ್ಷ ದಾಟಿದವರ ಮನೆಗೆ ಆಶಾ ಅಕ್ಕನವರು ಬಂದು ಸಿಬ್ಯಾಕ್ ಎಂಬ ಆರೋಗ್ಯ ತಪಾಸಣೆಯ ಫಾರ್ಮ್ ತುಂಬುತ್ತಾರೆ. ಅದರಲ್ಲಿ ಉಸಿರಾಟದ ತೊಂದರೆ ಇದೆಯೇ ಎಂಬ ಪ್ರಶ್ನೆ ಇದೆ, ಅಡಿಗೆಗೆ ಯಾವ ಉರುವಲು ಎಂಬುದಿದೆ, ಬೆಳೆಯ ಉಳಿಕೆ ಸುಡುವ ಹೊಗೆ, ಇಟ್ಟಿಗೆ ಭಟ್ಟಿಯ ಕೆಲಸವನ್ನೂ ಕೇಳುತ್ತದೆ. ನಮ್ಮ ಊರನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಂತಿದೆ ಆ ಭಾಗ. ಉಸಿರಾಟದ ತೊಂದರೆ ಇದ್ದವರನ್ನು ವೈದ್ಯರ ಬಳಿ ಕಳುಹಿಸಬೇಕೆಂದೂ ಅದೇ ಫಾರ್ಮ್ ಹೇಳುತ್ತದೆ. 18 ವರ್ಷದವರೆಗಿನ ಮಕ್ಕಳಿಗಾಗಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದು ಗುರುತಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಶ್ವಾಸನಾಳ ಬಿಗಿಯುವ ಈ ರೋಗವೂ ಸೇರಿದೆ. ಆದರೆ ಹೇಳಿದ್ದೆಲ್ಲ ಕಾಗದಕ್ಕೆ, ಮೊಬೈಲಿಗೆ ಹೋಗಿ ಸೇರಿದ ಮೇಲೆ ರೋಗಿಯ ಕೈಗೆ ತಿರುಗಿ ಬರುವುದು ಏನೂ ಇಲ್ಲ. ಉಬ್ಬಸ ಎದ್ದ ರಾತ್ರಿ ವಾಹನ ಹುಡುಕಿ ಧಾರವಾಡಕ್ಕೆ ಓಡುವುದು, ಒಂದು ಇಂಜೆಕ್ಷನ್, ಒಂದು ನೆಬ್ಯುಲೈಸರ್, ಬೆಳಗಾದರೆ ಮನೆ. ಮುಂದಿನ ಸಲ ಬೇರೆ ವೈದ್ಯರು, ಮತ್ತೆ ಮೊದಲಿನಿಂದ ಅದೇ ಪ್ರಶ್ನೆ. 18 ದಾಟಿ 30 ತುಂಬದವರಂತೂ ಎರಡೂ ಪಟ್ಟಿಗಳ ಹೊರಗೇ ಉಳಿದಿದ್ದಾರೆ. ಗದ್ದೆಯಲ್ಲೂ ಆವಿಗೆಯ ಮುಂದೂ ಹೆಚ್ಚು ದುಡಿಯುವ ವಯಸ್ಸು ಅದೇ.

ಆದ್ದರಿಂದ ನಮ್ಮ ಮೊದಲ ಮತ್ತು ಮುಖ್ಯ ಬೇಡಿಕೆ: ಅಸ್ತಮಾ ಎಂದು ಗೊತ್ತಾದ ಪ್ರತಿಯೊಬ್ಬರಿಗೂ, ಯಾವ ವಯಸ್ಸಿನವರೇ ಇರಲಿ, ವೈದ್ಯರು ಸಹಿ ಮಾಡಿದ ಒಂದು ಪುಟದ ಆರೈಕೆ ಯೋಜನೆ ಕೊಡಬೇಕು. ದಿನವೂ ತೆಗೆದುಕೊಳ್ಳುವ ಔಷಧ ಯಾವುದು, ಕೆಮ್ಮು ಉಬ್ಬಸ ಹೆಚ್ಚಿದರೆ ಏನನ್ನು ಎಷ್ಟು ಹೆಚ್ಚಿಸಬೇಕು, ಯಾವ ಲಕ್ಷಣ ಕಂಡರೆ ಕಾಯದೆ 108ಕ್ಕೆ ಕರೆ ಮಾಡಬೇಕು ಎಂಬ ಮೂರೂ ಹಸಿರು, ಹಳದಿ, ಕೆಂಪು ಭಾಗಗಳಲ್ಲಿ ಕನ್ನಡದಲ್ಲಿ ಇರಲಿ. ಊದುವ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಸಣ್ಣ ಉಪಕರಣ, ವಿದ್ಯುತ್ ಬೇಡ. ರೋಗಿಯು ಚೆನ್ನಾಗಿದ್ದಾಗ ಊದಿದ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, ಶೇ. 50ರಿಂದ 80ರವರೆಗೆ ಹಳದಿ, ಅದಕ್ಕೂ ಇಳಿದರೆ ಕೆಂಪು. ಓದಲು ಬಾರದ ಅಜ್ಜಿಯೂ ಬಣ್ಣ ನೋಡಿ ಮೊಮ್ಮಗನನ್ನು ಯಾವಾಗ ಎತ್ತಿಕೊಂಡು ಹೊರಡಬೇಕೆಂದು ತಿಳಿದುಕೊಳ್ಳಬಲ್ಲಳು.

ಭೇಟಿ ಕೊಟ್ಟಾಗಲೆಲ್ಲ ಉದ್ದನೆಯ ಪ್ರಶ್ನಾವಳಿ ತುಂಬಿಸುವುದು ಬೇಡ. ಅಸ್ತಮಾ ಕುರಿತ ಜಾಗತಿಕ ಸಂಸ್ಥೆ ಜಿನಾ ಲಕ್ಷಣಗಳ ಹತೋಟಿ ಅಳೆಯಲು ನಾಲ್ಕೇ ಪ್ರಶ್ನೆ ಕೊಟ್ಟಿದೆ. ಕಳೆದ ನಾಲ್ಕು ವಾರಗಳಲ್ಲಿ ಹಗಲು ತೊಂದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಆಯಿತೇ? ದಮ್ಮಿನಿಂದ ರಾತ್ರಿ ಎಚ್ಚರವಾಯಿತೇ? ತಕ್ಷಣ ಆರಾಮ ಕೊಡುವ ಪಂಪನ್ನು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಎಳೆಯಬೇಕಾಯಿತೇ? ಕೆಲಸಕ್ಕೆ ಅಡ್ಡಿಯಾಯಿತೇ? ಒಂದಕ್ಕೂ ಹೌದು ಇಲ್ಲದಿದ್ದರೆ ರೋಗ ಹತೋಟಿಯಲ್ಲಿದೆ. ಮೂರು ನಾಲ್ಕಕ್ಕೆ ಹೌದು ಎಂದರೆ ಹತೋಟಿ ತಪ್ಪಿದೆ. ಹೌದು ಎಂದ ಉತ್ತರಕ್ಕೆ ಯೋಜನೆಯಲ್ಲಿ ಏನು ಬದಲಾಯಿತು ಎಂಬುದನ್ನು ಅದೇ ದಿನ ಆ ಪುಟದಲ್ಲೇ ಬರೆಯಬೇಕು. ಆಮೇಲಷ್ಟೇ ಆ ಪ್ರಶ್ನಾವಳಿ ಪೂರ್ಣವಾಯಿತೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಔಷಧವಿಲ್ಲದ ಯೋಜನೆ ಬರೀ ಕಾಗದ. ದೊಡ್ಡವರಿಗೂ ಹದಿಹರೆಯದವರಿಗೂ ತಕ್ಷಣ ಆರಾಮ ಕೊಡುವ ಸಾಲ್ಬ್ಯುಟಮಾಲ್ ಒಂದನ್ನೇ ಕೊಟ್ಟು ಸುಮ್ಮನಾಗಬಾರದು, ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಜೊತೆಗಿರಲೇಬೇಕು ಎಂದು 2019ರಿಂದ ಜಿನಾ ಹೇಳುತ್ತಿದೆ. ಬ್ಯುಡೆಸೊನೈಡ್, ಮತ್ತು ಬ್ಯುಡೆಸೊನೈಡ್–ಫಾರ್ಮೊಟೆರಾಲ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೇ, ವರ್ಷವಿಡೀ, ಉಚಿತವಾಗಿ ಸಿಗಬೇಕು. ಹೊರಗೆ ಕೊಳ್ಳಬೇಕಾದ ಪಂಪು ಮುಗಿದ ಮೇಲೆ ಮುಂದಿನ ಕೂಲಿಯವರೆಗೆ ಗುಳಿಗೆಯಲ್ಲೇ ದಿನ ದೂಡುವ ಮನೆಗಳು ನಮ್ಮಲ್ಲಿವೆ. ಮಕ್ಕಳಿಗೆ ಪಂಪಿಗೆ ಜೋಡಿಸುವ ಸ್ಪೇಸರ್ ಬೇಕು. ಅದಕ್ಕೆ ಹಣ ಅಡ್ಡಿಯಾಗಬೇಕಿಲ್ಲ: 500 ಮಿಲಿ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಸರಿಯಾಗಿ ಮಾಡಿದ ಸ್ಪೇಸರ್ ಅಂಗಡಿಯದ್ದರಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಪಂಪು ಎಳೆಯುವ ಬಗೆಯನ್ನು ಕೈಯಲ್ಲಿ ಹಿಡಿಸಿ ಕಲಿಸಬೇಕು, ಪ್ರತಿ ಭೇಟಿಯಲ್ಲೂ ಎಳೆಸಿ ನೋಡಬೇಕು.

ಬಿ.ಪಿ., ಶುಗರ್ ಇದ್ದವರನ್ನು ಕರೆದು ನೋಡುವ ವ್ಯವಸ್ಥೆ ಹಳ್ಳಿಗಳಲ್ಲಿ ಬೇರೂರಿದೆ. ಅದೇ ವ್ಯವಸ್ಥೆಗೆ ದಮ್ಮಿನವರನ್ನೂ ಸೇರಿಸಿ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳ ಬಳಿ ಅಸ್ತಮಾ ರೋಗಿಗಳ ಪಟ್ಟಿ ಇರಲಿ. ತೀವ್ರ ಉಬ್ಬಸದಿಂದ ಆಸ್ಪತ್ರೆಗೆ ಹೋಗಿ ಬಂದವರನ್ನು ಒಂದು ವಾರದೊಳಗೆ ಮತ್ತೆ ನೋಡಬೇಕು. ಮಳೆಗಾಲಕ್ಕೂ ರಾಶಿಗೂ ಮುಂಚೆ ಎಲ್ಲರ ಯೋಜನೆಯನ್ನೂ ಒಮ್ಮೆ ಪರಿಶೀಲಿಸಬೇಕು.

ಕುಂಬಾರ ಮನೆಗಳ ಬಗ್ಗೆ ಒಂದು ಮಾತು. ಆವಿಗೆ ಬಿಡಿ ಎಂದು ಬರೆದುಕೊಟ್ಟರೆ ಅದು ಚಿಕಿತ್ಸೆಯಾಗುವುದಿಲ್ಲ, ಒಲೆ ಆರುತ್ತದೆ. ಆವಿಗೆ ಹಚ್ಚುವ ದಿನ ರೋಗಿಯ ಬದಲು ಮನೆಯಲ್ಲಿ ಯಾರು ನಿಲ್ಲಬಹುದು, ಗಾಳಿ ಯಾವ ಕಡೆಯಿದ್ದರೆ ಮಗುವನ್ನು ಎಲ್ಲಿ ಇರಿಸಬೇಕು ಎಂಬುದನ್ನು ಅವರೊಂದಿಗೆ ಕೂತು ಕೇಳಿ ಯೋಜನೆಯಲ್ಲಿ ಬರೆಯಬೇಕು.

ನಾವು ಕೊಟ್ಟ ಉತ್ತರಗಳ ಗುಟ್ಟನ್ನೂ ಕಾಯಬೇಕೆಂದು ಒತ್ತಿ ಹೇಳುತ್ತೇವೆ. ಮದುವೆಗೆ ಬಂದ ಮಗಳಿಗೆ ದಮ್ಮು ಇದೆ ಎಂಬುದು ಹೊರಗೆ ಬಿದ್ದರೆ ಸಂಬಂಧ ಮುರಿಯುತ್ತದೆ ಎಂಬ ಅಂಜಿಕೆಯಿಂದ ಎಷ್ಟೋ ತಾಯಂದಿರು ಇಲ್ಲ ಎಂದೇ ಬರೆಸುತ್ತಾರೆ. ಹುಡುಗಿ ಪಂಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ, ಗಂಡನ ಮನೆಯಲ್ಲಿ ಅದನ್ನೂ ಬಿಡುತ್ತಾಳೆ. ಸಾಲಿನಲ್ಲಿ ನಿಂತವರೆದುರು ಈ ಪ್ರಶ್ನೆಗಳನ್ನು ಕೇಳಬಾರದು, ತುಂಬಿದ ಫಾರ್ಮ್‌ಗಳನ್ನು ಮೇಜಿನ ಮೇಲೆ ಬಿಡಬಾರದು. ಅದೇ ಹೊತ್ತಿಗೆ ನಮ್ಮ ದಾಖಲೆ ನಮಗೆ ಸಿಗಬೇಕು: ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮಗಳು 2002ರಿಂದಲೂ ಹೇಳುತ್ತವೆ. ಖಾಸಗಿ ದವಾಖಾನೆಗಳಿಗೂ ಇದನ್ನು ತಾವು ಸುತ್ತೋಲೆ ಮೂಲಕ ನೆನಪಿಸಬೇಕು.

ಈ ಬೇಡಿಕೆಗಳ ಪೈಕಿ ಜಿಲ್ಲಾ ಮಟ್ಟದಲ್ಲೇ ಆಗುವಂಥವನ್ನು ಬರುವ ಮಳೆಗಾಲಕ್ಕೆ ಮುಂಚೆ ಜಾರಿಗೆ ತರಬೇಕು. ಔಷಧ ಪೂರೈಕೆಯಂತಹ, ಬೆಂಗಳೂರಿನಲ್ಲಿ ತೀರ್ಮಾನವಾಗಬೇಕಾದವನ್ನು ತಮ್ಮ ಶಿಫಾರಸಿನೊಂದಿಗೆ ಇಲಾಖೆಗೆ ಕಳುಹಿಸಿ, ಆ ಪತ್ರದ ಪ್ರತಿಯನ್ನು ನಮಗೆ ಕೊಡಬೇಕು. ತಾವು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳು ಮುಗದಕ್ಕೆ ಬಂದು ರೋಗಿಗಳ ಸಭೆ ನಡೆಸುವ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮುಗದ ಹಾಗೂ ಸುತ್ತಲಿನ ಊರುಗಳ ಅಸ್ತಮಾ ರೋಗಿಗಳು ಮತ್ತು ಮನೆಯವರು
(ಸಹಿ ಹಾಗೂ ಹೆಬ್ಬೆರಳ ಗುರುತುಗಳ ಹಾಳೆ ಲಗತ್ತಿಸಿದೆ)

ಪ್ರತಿ:
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಧಾರವಾಡ
ತಾಲ್ಲೂಕು ಆರೋಗ್ಯಾಧಿಕಾರಿಗಳು, ಧಾರವಾಡ