ಪೊಲೀಸ್ ಜೀಪು ಯಾರ ಮನೆ ಮುಂದೆ ನಿಲ್ಲುತ್ತದೆ?

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆ ನಡೆದು, ಅವರ ಗುಡಿಸಲುಗಳಿಗೆ ಬೆಂಕಿ ಇಡಲಾಯಿತು. ತೀರ್ಪು ಬಂದದ್ದು ಹತ್ತು ವರ್ಷಗಳ ಬಳಿಕ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ, ಮೂವರಿಗೆ 5 ವರ್ಷ ಸಜೆ ವಿಧಿಸಿತು. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುಮಂದಿಗೆ ಜಾಮೀನು ನೀಡಿತು. ಪತ್ರಿಕೆಗಳು ಶಿಕ್ಷೆಯಾದವರ ಸಂಖ್ಯೆಯನ್ನೇ ದೊಡ್ಡದಾಗಿ ಪ್ರಕಟಿಸಿದವು. ಆದರೆ ಇಂತಹ ಪ್ರಕರಣಗಳ ಹಣೆಬರಹ ಬಹುಪಾಲು ಮೊದಲ ದಿನವೇ ತೀರ್ಮಾನವಾಗುತ್ತದೆ. ಜೀಪು ಮೊದಲು ನಿಲ್ಲುವುದು ಯಾರ ಮನೆ ಮುಂದೆ, ಠಾಣೆಯಲ್ಲಿ ಕುರ್ಚಿ ಸಿಗುವುದು ಯಾರಿಗೆ ಎಂಬುದರಲ್ಲಿ.

ಕುಷ್ಟಗಿ ತಾಲೂಕಿನ ಮಿಯಾಪುರವನ್ನೇ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಎರಡು ವರ್ಷದ ದಲಿತ ಮಗು ಆಂಜನೇಯ ಗುಡಿಯೊಳಗೆ ಓಡಿತೆಂದು ಶುದ್ಧೀಕರಣಕ್ಕಾಗಿ 25 ಸಾವಿರ ರೂಪಾಯಿ ಕೇಳಲಾಯಿತು. ತಂದೆತಾಯಿ ದೂರು ಕೊಡಲು ಒಪ್ಪಲಿಲ್ಲ. ಅದೇ ಊರಿನಲ್ಲಿ ಬಾಳಬೇಕಲ್ಲ! "ದೂರೇ ಇಲ್ಲ" ಎಂದು ಕಡತ ಮುಚ್ಚಿಬಿಡಬಹುದಿತ್ತು. ಹಾಗಾಗಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೇ ದೂರು ಕೊಟ್ಟರು, ಐವರ ಬಂಧನವಾಯಿತು. ಮನಸ್ಸಿದ್ದರೆ ನಮ್ಮ ವ್ಯವಸ್ಥೆಗೆ ಇದು ಸಾಧ್ಯ. 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ವಿದೇಶಿ ಪ್ರವಾಸಿಯ ಮೇಲೆ ಅತ್ಯಾಚಾರ ನಡೆದಾಗಲೂ ಮೂವರು ಆರೋಪಿಗಳು ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದರು.

ಸಾಮಾನ್ಯವಾಗಿ ನಡೆಯುವುದು ಬೇರೆಯೇ. ಪೆಟ್ಟು ತಿಂದವನು ದೂರು ಕೊಟ್ಟರೆ, ಹೊಡೆದವನ ಕಡೆಯಿಂದ ಒಂದು ಪ್ರತಿದೂರು ದಾಖಲಾಗುತ್ತದೆ. ಇಬ್ಬರೂ ಆರೋಪಿಗಳೇ ಆದ ಮೇಲೆ "ರಾಜಿ ಮಾಡಿಕೊಳ್ಳಿ, ಊರಲ್ಲಿ ಶಾಂತಿ ಇರಲಿ" ಎಂಬ ಬುದ್ಧಿಮಾತು. ಮೇಲ್ನೋಟಕ್ಕೆ ಇದು ನಿಷ್ಪಕ್ಷಪಾತ. ವಾಸ್ತವದಲ್ಲಿ ಕೂಲಿಯವನು ಜಾಮೀನಿಗಾಗಿ ಅಲೆಯುತ್ತಾನೆ, ಜಮೀನುದಾರ ಮನೆಯಲ್ಲಿರುತ್ತಾನೆ.

ಕರಾವಳಿಯ ನಮಗೂ ಇದು ಹೊಸತಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ, ಅದನ್ನು ಪ್ರತಿಭಟಿಸಿ ಕುಲಶೇಖರ, ಪೆರ್ಮನ್ನೂರಿನಲ್ಲಿ ಸೇರಿದ್ದ ಭಕ್ತರ ಮೇಲೆಯೇ ಲಾಠಿ ಬೀಸಿದ್ದನ್ನು ಮರೆತವರಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. ದೌರ್ಜನ್ಯ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು, ಎಫ್‌ಐಆರ್ ದಾಖಲಿಸಬೇಕು. ಬೇಕೆಂದೇ ಕರ್ತವ್ಯ ಮರೆತ ಅಧಿಕಾರಿಗೆ 6 ತಿಂಗಳಿಂದ ಒಂದು ವರ್ಷದವರೆಗೆ ಸಜೆಯೂ ಉಂಟು. ಆದರೆ ಇಲಾಖಾ ವಿಚಾರಣೆಯ ಶಿಫಾರಸಿಲ್ಲದೆ ಆತನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಬೆಕ್ಕಿಗೇ ವಹಿಸಿದಂತೆ!

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದುಡಿಯುತ್ತಿರುವ ನಮ್ಮ ಧರ್ಮಭಗಿನಿಯರೂ ಸಮಾಜ ಸೇವಕರೂ ಅದೇ ಕಾಯ್ದೆಯ 15ಎ ಸೆಕ್ಷನ್ ಓದಿಕೊಳ್ಳಲಿ. ಸ್ವಯಂಸೇವಾ ಸಂಸ್ಥೆ, ಸಮಾಜ ಕಾರ್ಯಕರ್ತರು ಅಥವಾ ವಕೀಲರ ನೆರವು ಪಡೆಯುವ ಹಕ್ಕನ್ನು ಅದು ಸಂತ್ರಸ್ತರಿಗೆ ನೀಡಿದೆ. ಎಫ್‌ಐಆರ್‌ನ ಪ್ರತಿಯೂ ಅವರಿಗೆ ಉಚಿತವಾಗಿ ಸಿಗಬೇಕು.