ಮೋಡೆಮ್ ಮರೆತವರ ಲೆಕ್ಕ

ಮೊಬೈಲ್ ಚಿಪ್ ಪೈಪೋಟಿಯಲ್ಲಿ ಗೆಲ್ಲಿಸುವುದು ಪ್ರೊಸೆಸರಿನ ವೇಗವಲ್ಲ. ನೆಟ್‌ವರ್ಕಿನ ಜೊತೆ ಮಾತಾಡುವ ಮೋಡೆಮ್ ಮತ್ತು ಚಿಪ್ ಮಾರಿದ ಮೇಲೂ ಫೋನ್ ಕಂಪನಿಯ ಬೆನ್ನಿಗೆ ನಿಲ್ಲುವ ಎಂಜಿನಿಯರುಗಳು ಎನ್ನುವುದು ನನ್ನ ವಾದ. ಇದಕ್ಕೆ ನಾಲ್ಕು ತಕರಾರುಗಳು ಪದೇ ಪದೇ ಎದುರಾಗುತ್ತವೆ.

1. 'ಗಿರಾಕಿ ನೋಡುವುದು ವೇಗವನ್ನೇ.'

ಹಾಗಿದ್ದರೆ ಇಂಟೆಲ್ ಇವತ್ತು ನಮ್ಮೆಲ್ಲರ ಜೇಬಿನಲ್ಲಿರಬೇಕಿತ್ತು. 2012ರ ಏಪ್ರಿಲ್‌ನಲ್ಲಿ ಇಂಟೆಲ್ ಆಟಮ್ ಚಿಪ್ಪಿನ ಮೊದಲ ಸ್ಮಾರ್ಟ್‌ಫೋನ್ ಮಾರುಕಟ್ಟೆಗೆ ಬಂದದ್ದು ಭಾರತದಲ್ಲೇ. ಲಾವಾ ಕಂಪನಿಯ ಕ್ಸೋಲೊ ಎಕ್ಸ್900, ಬೆಲೆ ಸುಮಾರು 22,000 ರೂಪಾಯಿ. 1.6 ಗಿಗಾಹರ್ಟ್ಸ್ ಪ್ರೊಸೆಸರ್ ಚುರುಕಾಗಿಯೇ ಇತ್ತು. ಆದರೆ ಆರ್ಮ್ ಪ್ರೊಸೆಸರಿಗೆಂದು ಬರೆದ ಆಟಗಳನ್ನು ಅದು ಒಳಗೊಳಗೇ ತನ್ನ ಭಾಷೆಗೆ ತಿರುಗಿಸಿಕೊಂಡು ಓಡಿಸಬೇಕಿತ್ತು. ಮೋಡೆಮ್ ಪ್ರತ್ಯೇಕ ಚಿಪ್, ಅದರಲ್ಲಿ 4ಜಿ ಇಲ್ಲ. ಅದೇ ವರ್ಷ ಪ್ರತಿಸ್ಪರ್ಧಿ ಕ್ವಾಲ್ಕಾಮ್‌ನ ಸ್ನಾಪ್‌ಡ್ರಾಗನ್ ಎಸ್4 ಚಿಪ್ ಪ್ರೊಸೆಸರನ್ನೂ 4ಜಿ ಮೋಡೆಮನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಕೊಡುತ್ತಿತ್ತು. 2014ರಲ್ಲಿ ಇಂಟೆಲ್‌ನ ಮೊಬೈಲ್ ವಿಭಾಗದ ನಷ್ಟ 420 ಕೋಟಿ ಡಾಲರ್ ಮುಟ್ಟಿತು. 2016ರಲ್ಲಿ ಕಂಪನಿ ಫೋನ್ ಪ್ರೊಸೆಸರುಗಳಿಗೆ ಕೈಮುಗಿಯಿತು.

2. 'ಮೀಡಿಯಾಟೆಕ್ ಗೆದ್ದದ್ದು ಬರೀ ಅಗ್ಗದ ಬೆಲೆಯಿಂದ.'

ಇದು ಅರ್ಧ ನಿಜ. 1997ರಲ್ಲಿ ಹುಟ್ಟಿ, ಸಿಡಿ-ಡಿವಿಡಿ ಡ್ರೈವ್‌ಗಳ ಚಿಪ್ಪಿನಿಂದ ಬೆಳೆದ ಈ ತೈವಾನ್ ಕಂಪನಿ ಶೆನ್‌ಜೆನ್‌ನ ಸಣ್ಣ ತಯಾರಕರಿಗೆ ಚಿಪ್ಪನ್ನಷ್ಟೇ ಮಾರಲಿಲ್ಲ. ಬೋರ್ಡಿನ ನಕ್ಷೆ, ಸಾಫ್ಟ್‌ವೇರ್ ಎಲ್ಲ ಸೇರಿಸಿಯೇ ಕೊಟ್ಟಿತು. ತಯಾರಕ ಪರದೆ, ಬ್ಯಾಟರಿ, ಹೊರಕವಚ ಹೊಂದಿಸಿದರೆ ಫೋನ್ ಸಿದ್ಧ. ಅಕ್ಕಿ ಮಾರುವವರ ನಡುವೆ ಇದು ದೋಸೆ ಹಿಟ್ಟು ಮಾರಿದಂತೆ. ಮೈಕ್ರೋಮ್ಯಾಕ್ಸ್, ಕಾರ್ಬನ್ ಹೆಸರಿನಲ್ಲಿ ನಮ್ಮೂರಿನ ಅಂಗಡಿಗಳನ್ನು ತುಂಬಿದ ಎರಡು ಸಿಮ್ಮಿನ ಫೋನುಗಳಲ್ಲಿ ಬಹಳಷ್ಟರ ಹಿಂದೆ ಇದ್ದದ್ದು ಈ ಹಿಟ್ಟೇ. ಬೆಲೆಯನ್ನು ಯಾರು ಬೇಕಾದರೂ ಇಳಿಸಬಹುದು; ಗಿರಾಕಿಯ ಅರ್ಧ ಕೆಲಸ ಮಾಡಿಕೊಡುವುದು ಎಲ್ಲರಿಗೂ ಸಾಧ್ಯವಿಲ್ಲ.

3. 'ಕ್ವಾಲ್ಕಾಮ್ ಬದುಕಿರುವುದು ಪೇಟೆಂಟ್ ಬೆದರಿಕೆಯಿಂದ.'

ನಾಲ್ಕರಲ್ಲಿ ತೂಕವಿರುವ ತಕರಾರು ಇದು. ಲೈಸೆನ್ಸ್ ಪಡೆಯದವರಿಗೆ ಚಿಪ್ ಇಲ್ಲ ಎಂಬ ಅದರ ನೀತಿ ನಿಜಕ್ಕೂ ಕಠೋರ. 2015ರಲ್ಲಿ ಚೀನಾ ಅದರಿಂದ 97.5 ಕೋಟಿ ಡಾಲರ್ ದಂಡ ವಸೂಲು ಮಾಡಿತು. ಪೇಟೆಂಟಿನ ಬಲ ಎಷ್ಟೆಂದು ನಾವೂ ಕಂಡಿದ್ದೇವೆ: ಟೆಲಿಕಾಂ ಕಂಪನಿ ಎರಿಕ್ಸನ್ ಹೂಡಿದ ಪೇಟೆಂಟ್ ದಾವೆಯಲ್ಲಿ 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಶಿಯೋಮಿ ಫೋನುಗಳ ಮಾರಾಟ ತಡೆಯಿತು, ಆಮೇಲೆ ಕ್ವಾಲ್ಕಾಮ್ ಚಿಪ್ಪಿರುವ ಫೋನುಗಳಿಗೆ ಮಾತ್ರ ಮಧ್ಯಂತರ ಅನುಮತಿ ಕೊಟ್ಟಿತು.

ಆದರೆ ಬೆದರಿಕೆಯೊಂದೇ ಬಂಡವಾಳವಾಗಿದ್ದರೆ ಆಪಲ್‌ನ ಕಥೆ ಹೀಗಾಗುತ್ತಿರಲಿಲ್ಲ. ಕ್ವಾಲ್ಕಾಮ್ ಜೊತೆ ಜಗಳವಾಡಿ 2018ರ ಹೊಸ ಐಫೋನುಗಳಿಗೆ ಆಪಲ್ ಇಂಟೆಲ್ ಮೋಡೆಮ್ ಹಾಕಿತು. 2019ರ ಏಪ್ರಿಲ್‌ನಲ್ಲಿ ರಾಜಿಯಾಯಿತು; ಇಂಟೆಲ್ ಅದೇ ದಿನ 5ಜಿ ಫೋನ್ ಮೋಡೆಮ್ ಯೋಜನೆ ಕೈಬಿಟ್ಟಿತು. ಆ ವಿಭಾಗದ ಬಹುಭಾಗವನ್ನು ಆಪಲ್ 100 ಕೋಟಿ ಡಾಲರಿಗೆ ಕೊಂಡಿತು. ಜಗಳ ಮುಗಿದಿತ್ತು, ಹಣಕ್ಕೆ ಬರವಿರಲಿಲ್ಲ, ಪ್ರೊಸೆಸರ್ ವಿನ್ಯಾಸದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೂ ಸ್ವಂತ ಮೋಡೆಮ್ ಸಿ1 ಹೊರಬರಲು 2025ರ ಫೆಬ್ರವರಿಯವರೆಗೆ ಕಾಯಬೇಕಾಯಿತು, ಅದೂ ಕೆಳದರ್ಜೆಯ ಐಫೋನ್ 16ಇಯಲ್ಲಿ. ಅದನ್ನು 55 ದೇಶಗಳ 180 ಟೆಲಿಕಾಂ ಕಂಪನಿಗಳ ನೆಟ್‌ವರ್ಕುಗಳಲ್ಲಿ ಪರೀಕ್ಷಿಸಬೇಕಾಗಿತ್ತು. ಕೋರ್ಟು ಪೇಟೆಂಟ್ ಶುಲ್ಕ ಇಳಿಸಬಹುದು, ಈ ಪರೀಕ್ಷೆಯ ದುಡಿಮೆಯನ್ನು ಇಳಿಸಲಾರದು.

4. 'ಬೆಂಗಳೂರಿನಲ್ಲಿ ಪ್ರತಿಭೆಯಿದೆ, ಸರ್ಕಾರ ಹಣ ಹಾಕಿದರೆ ನಮ್ಮದೇ ಮೊಬೈಲ್ ಪ್ರೊಸೆಸರ್ ಗೆಲ್ಲುತ್ತದೆ.'

ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದೇ 1985ರಲ್ಲಿ. ಆದರೆ ಅದೇ ಕಂಪನಿಯ ಓಮ್ಯಾಪ್ ಎಂಬ ಫೋನ್ ಪ್ರೊಸೆಸರ್ ಏನಾಯಿತು? ನೋಕಿಯಾದಂಥ ಗಿರಾಕಿಯಿತ್ತು, ಒಳ್ಳೆಯ ವಿನ್ಯಾಸವಿತ್ತು. 2008ರಲ್ಲೇ ಮೋಡೆಮ್ ಚಿಪ್ಪುಗಳಿಂದ ಹಿಂದೆ ಸರಿದಿದ್ದ ಕಂಪನಿಗೆ, ಪ್ರೊಸೆಸರ್, ಮೋಡೆಮ್ ಎರಡೂ ಒಂದೇ ಚಿಪ್ಪಿನಲ್ಲಿ ಬೇಕೆಂದು ಗಿರಾಕಿಗಳು ಕೇಳತೊಡಗಿದಾಗ ಕೊಡಲು ಏನೂ ಇರಲಿಲ್ಲ. 2012ರಲ್ಲಿ ಅದು ಫೋನ್ ವ್ಯವಹಾರವನ್ನೇ ತೊರೆಯಿತು.

ಹಣ, ಪ್ರತಿಭೆ, ದೊಡ್ಡ ಗಿರಾಕಿ ಮೂರೂ ಇದ್ದವರು ಮುಗ್ಗರಿಸಿದ ಜಾಗದಲ್ಲಿ ಅದೇ ಮೂರನ್ನು ನಂಬಿ ಹೊರಡುವುದು ಜಾಣತನವಲ್ಲ. ಸಾರ್ವಜನಿಕ ಹಣ ಹಾಕುವುದೇ ಆದರೆ ಮೊದಲ ಕಂತು ಮೋಡೆಮ್ ತಂಡಕ್ಕೆ ಮತ್ತು ಊರೂರಿನ ಟವರಿನಡಿ ನಿಂತು ಅದನ್ನು ಪರೀಕ್ಷಿಸುವ ಎಂಜಿನಿಯರುಗಳಿಗೆ ಹೋಗಲಿ. ಪ್ರೊಸೆಸರಿನ ಸರದಿ ಆಮೇಲೆ.